ಸಮ ಮಾಡಿದ ಮೈದಾನ

ಆ ಸೀಸನ್ ನಮ್ಮ ಕಾಲೇಜು ಫುಟ್‌ಬಾಲ್ ತಂಡ ಗೆದ್ದದ್ದು ಪ್ರೇಕ್ಷಕರ ಸಾಲಿನಿಂದ ನಾನು ಹೊಡೆದ ಸಿಳ್ಳೆಯಿಂದಲೇ. ಮೈದಾನ ನೋಡಿಕೊಳ್ಳುವ ಮಾಲಿಗೂ ಚೂರು ಪಾಲು ಕೊಡೋಣ.

ಹೊಸ ಹೆಡ್ ಕೋಚ್ ಬೆಳ್ಳಿಯಪ್ಪ ಬಂದಮೇಲೆ ಮೊದಲ ಐದೂ ಪಂದ್ಯ ಸೋತೆವು. "ಮೈದಾನವೇ ಇಳಿಜಾರು! ಚೆಂಡು ತಾನಾಗಿ ನಮ್ಮ ಗೋಲಿಗೆ ಉರುಳುತ್ತೆ!" ಎಂದು ಗುಡುಗಿದರು. "ಏಯ್ ಮಾಲಿ, ಭಾನುವಾರದೊಳಗೆ ಸಮ ಮಾಡು. ಇಲ್ಲಾಂದ್ರೆ ಕೆಲಸ ಬಿಡು!"

ಎರಡೇ ದಿನ, ಒಂದೇ ಗುದ್ದಲಿ! ಮಾಲಿ ಸುಣ್ಣದ ಗೆರೆಗಳನ್ನು ಹೊಸದಾಗಿ ಎಳೆದು, "ಸಮ ಆಯ್ತು ಸಾರ್" ಎಂದ. ಹುಡುಗರೆಲ್ಲ ನಂಬಿದರು.

ಭಾನುವಾರ ನಾಲ್ಕು ಗೋಲು ಹೊಡೆದು ಗೆದ್ದರು! ನನ್ನ ಸಿಳ್ಳೆಗೆ ಪಕ್ಕದೂರಿನ ಬಸ್ಸೇ ನಿಂತಿತು.

"ನೆಲದ್ದೇ ತಪ್ಪು ಅಂತ ಹೇಳಿರ್ಲಿಲ್ವಾ?" ಹುಡುಗರು ಹೋದಮೇಲೆ ಕೋಚ್ ಮಾಲಿಯೆದುರು ಮೀಸೆ ತಿರುವಿದರು.

ಮಾಲಿ ಚೆಂಡನ್ನು ನಡುಗೆರೆಯ ಮೇಲಿಟ್ಟ. ಅದು ಉರುಳುತ್ತ ಉರುಳುತ್ತ ಹೋಗಿ ಮೊದಲಿನಂತೆಯೇ ನಮ್ಮ ಗೋಲಿನೊಳಗೆ ಕೂತಿತು.

"ಕೆಲಸ ಬಿಡ್ಲಾ ಸಾರ್?"

ಕೋಚ್ ಸುತ್ತಮುತ್ತ ನೋಡಿ ಪಿಸುಗುಟ್ಟಿದರು: "ಹುಡುಗರಿಗೆ ಹೇಳ್ಬೇಡ ಮಾರಾಯ. ಮುಂದಿನ ವಾರಾನೂ ಹೀಗೇ ಸಮ ಮಾಡು!"