ಸೊಕ್ಕವ್ವನ ಕೊಕ್ಕೆ

ದುಗ್ಧರಸ ಗ್ರಂಥಿಯ ಕಾವಲು ಕಾಯುವ ಬಿಳಿ ರಕ್ತಕಣಗಳಲ್ಲಿ ಒಂದು ವಾಡಿಕೆಯಿತ್ತು: ರೋಗಾಣು ಹಿಡಿಯುವ ಪ್ರತಿಕಾಯವೆಂಬ ಕೊಕ್ಕೆ ಒಬ್ಬಳದ್ದಿದ್ದಂತೆ ಇನ್ನೊಬ್ಬಳದ್ದಿರಬಾರದು. ಸೊಕ್ಕವ್ವ ಎಂಬ ಕಣಕ್ಕೆ ಕ್ಯಾನ್ಸರ್ ಹಿಡಿಯಿತು. ಅವಳು ಕಾವಲು ಮರೆತು, ಸಾವಿರ ಮಕ್ಕಳನ್ನು ಹೆತ್ತು, ಎಲ್ಲಕ್ಕೂ ತನ್ನಂಥದ್ದೇ ಕೊಕ್ಕೆ ತೊಡಿಸಿದಳು.

ಕೆಟ್ಟ ಕಣಗಳನ್ನು ಹುಡುಕುತ್ತಾ ಮದ್ದು ಬಂತು. ಸಿಕ್ಕಿಬಿದ್ದರೆ ಸಂತತಿಯೇ ನಿರ್ನಾಮ! ಸೊಕ್ಕವ್ವ ಮುಂದೆ ಬಂದು ಕೊಕ್ಕೆ ಎತ್ತಿ ಹಿಡಿದಳು.

"ಅಣ್ಣಾ, ನಾನೂ ಕಾವಲಿನವಳೇ. ಬೇಕಾದರೆ ಕೊಕ್ಕೆ ನೋಡು!"

"ಚೆನ್ನಾಗಿದೆಯಮ್ಮ. ಇಂಥದ್ದು ನಿನ್ನೊಬ್ಬಳಿಗೇ ತಾನೇ ಇರುವುದು?"

"ನನ್ನಾಣೆಗೂ ನನ್ನೊಬ್ಬಳಿಗೇ!"

"ಅವ್ವಾ, ನಮ್ಮವನ್ನೂ ತೋರಿಸೋಣವೇ?" ಹಿಂದಿನಿಂದ ಮಕ್ಕಳು ಕೂಗಿದವು. ಸಾವಿರ ಕೊಕ್ಕೆಗಳು ಒಟ್ಟಿಗೆ ಮೇಲೆದ್ದವು.

"ಇಳಿಸಬೇಡಿ ಮಕ್ಕಳೇ," ಎಂದು ಮದ್ದು ತೋಳೇರಿಸಿತು. "ನಿಮ್ಮನ್ನು ಹಿಡಿಯಲು ನನಗೂ ಒಂದು ಗುರುತು ಬೇಕಿತ್ತು."