ಆನೆಯ ಎಡಗಾಲ ಮೇಲಿನ ಕೈ

“ಪ್ರೋಗ್ರಾಂ ಓಡುತ್ತಿದೆಯಲ್ಲ ಸರ್, ಯಾಕೆ ಓಡುತ್ತಿದೆ ಎಂದು ತಿಳಿಯಲೇಬೇಕೆ?”

ಹೀಗೆ ಕೇಳಿದವಳು ಚಂದ್ರಕಲಾ, ಹೋಬಳಿ ಆಸ್ಪತ್ರೆಯ ನರ್ಸು. ಎಂಟು ತಿಂಗಳಿಂದ ಪ್ರತಿ ಭಾನುವಾರ ಬೋರಲಿಂಗಯ್ಯ ಮೇಷ್ಟ್ರ ಮನೆಗೆ ಬಂದು ಪ್ರೋಗ್ರಾಮಿಂಗ್ ಕಲಿಯುತ್ತಿದ್ದಳು. ಪಾಲಿಟೆಕ್ನಿಕ್‌ನಿಂದ ನಿವೃತ್ತರಾದ ಮೇಷ್ಟ್ರು ಕೇಳಿ ಬಂದವರಿಗೆಲ್ಲ ಪುಕ್ಕಟೆ ಕಲಿಸುತ್ತಿದ್ದರು, ಪುಕ್ಕಟೆಯಾಗಿಯೇ ಬೈಯುತ್ತಿದ್ದರು. ‘ಇದು ಓದಿ ಬರುವ ವಿದ್ಯೆಯಲ್ಲ, ಏನಾದರೊಂದು ಮಾಡು’ ಎಂಬುದು ಅವರ ಮೊದಲ ಪಾಠ. ಚಂದ್ರಕಲಾ ಮಾಡಿದ್ದಳು. ವಿಡಿಯೋ ನೋಡಿಕೊಂಡು, ಅದರಲ್ಲಿದ್ದಂತೆಯೇ ಟೈಪ್ ಮಾಡಿಕೊಂಡು, ಹನ್ನೆರಡು ಪ್ರಾಜೆಕ್ಟ್ ಮುಗಿಸಿದ್ದಳು. ಹದಿಮೂರನೆಯದು ಆಸ್ಪತ್ರೆಗೆಂದು ಮಾಡಿದ್ದು. ಮಗುವಿನ ತೂಕ, ವಯಸ್ಸು ಹಾಕಿದರೆ ಯಾವ ಔಷಧಿ ಎಷ್ಟು ಕೊಡಬೇಕೆಂದು ಹೇಳುವ ಪ್ರೋಗ್ರಾಂ. ಡಾಕ್ಟರು ನೋಡಿ ಮೆಚ್ಚಿ, ಸೋಮವಾರದಿಂದಲೇ ಬಳಸೋಣ ಎಂದಿದ್ದರು.

ಅದರ ನಡುವೆ ಒಂಬತ್ತು ಸಾಲು ಅವಳದಲ್ಲ. ಎಲ್ಲಿಂದಲೋ ತಂದು ಅಂಟಿಸಿದ್ದು. ತೆಗೆದರೆ ಉತ್ತರ ಕೆಡುತ್ತಿತ್ತು, ಹಾಕಿದರೆ ಸರಿ ಬರುತ್ತಿತ್ತು. ಈ ಸಾಲುಗಳು ಏನು ಮಾಡುತ್ತವೆ ಎಂದು ಮೇಷ್ಟ್ರು ಕೇಳಿದ್ದಕ್ಕೆ ಅವಳಿಗೆ ರೇಗಿತ್ತು.

“ಹಾಡ್ತಾ ಹಾಡ್ತಾ ರಾಗ ಎಂದವರು ನೀವೇ ಅಲ್ಲವೇ?” ಎಂದಳು.

“ಗಾದೆಯ ಇನ್ನರ್ಧ ನುಂಗಿಬಿಟ್ಟೆ. ನರಳ್ತಾ ನರಳ್ತಾ ರೋಗ.” ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಒಂದು ಕತೆ ಹೇಳುತ್ತೇನೆ. ಮುಗಿಯುವ ತನಕ ಬಾಯಿ ಹಾಕಬೇಡ.”

ಅವರು ಹೇಳಿದ ಕತೆ ಇದು.

ಒಂದು ಕಾಡಿನಲ್ಲಿ ಆನೆಬಿಡಾರವಿತ್ತು. ಅಲ್ಲಿ ಒಬ್ಬ ಮುದಿ ಮಾವುತ, ಅವನ ಕೈಕೆಳಗೆ ಒಬ್ಬ ಕಾವಾಡಿ. ಮಾವುತನೆಂದರೆ ಆನೆಯ ಕುತ್ತಿಗೆಯ ಮೇಲೆ ಕೂತು ನಡೆಸುವವನು. ಕಾವಾಡಿಯೆಂದರೆ ಸೊಪ್ಪು ತಂದು ಹಾಕಿ, ಮೈ ತೊಳೆದು, ಆನೆಯ ಮುಂಗಾಲಿನ ಪಕ್ಕ ನೆಲದ ಮೇಲೆ ನಡೆಯುವವನು. ಏಳು ವರ್ಷ ನೆಲದ ಮೇಲೆ ನಡೆದ ನಂತರವೇ ಕುತ್ತಿಗೆ ಎಂಬುದು ಆ ಬಿಡಾರದ ಕಟ್ಟಳೆ.

ಏಳು ವರ್ಷ ಯಾರು ಕಾಯುತ್ತಾರೆ ಎಂದುಕೊಂಡ ಕಾವಾಡಿ. ವಯಸ್ಸು ಮೂವತ್ತು ದಾಟಿತ್ತು. ಮನೆಯಲ್ಲಿ ಹೆಂಡತಿ, ಆಗಷ್ಟೇ ಹುಟ್ಟಿದ ಹೆಣ್ಣುಮಗು. ಮಗಳು ಮಾತು ಕಲಿಯುವ ಹೊತ್ತಿಗೆ ನನ್ನಪ್ಪ ಮಾವುತ ಎನ್ನಬೇಕು ಎಂಬುದೊಂದೇ ಅವನ ಆಸೆ. ಕೆಟ್ಟ ಆಸೆಯೇನಲ್ಲ. ಹೊತ್ತು ಗೊತ್ತಿಲ್ಲದೆ ಮುದುಕನ ಬೆನ್ನು ಬಿದ್ದ. ಕಾಲಿನ ಪಕ್ಕ ನಡೆದರೆ ಯಾವ ವಿದ್ಯೆ ಬರುತ್ತದೆ, ಮೇಲೆ ಹತ್ತಿಸು, ಕೆಲಸ ಮಾಡುತ್ತಲೇ ಕಲಿಯುತ್ತೇನೆ ಎಂದು ಪೀಡಿಸಿದ.

ಮುದುಕನಿಗೆ ಮಕ್ಕಳಿರಲಿಲ್ಲ. ಇವನ ಮೇಲೆ ಜೀವವಿಟ್ಟಿದ್ದ. ಮನಸ್ಸು ಕರಗಿತು. ಇವನನ್ನು ಕುತ್ತಿಗೆಯ ಮೇಲೆ ಹತ್ತಿಸಿ ತಾನು ಕೆಳಗಿಳಿದ. ಆನೆಯ ಎಡ ಮುಂಗಾಲಿನ ಮೇಲೆ ಅಂಗೈ ಇಟ್ಟುಕೊಂಡು ಪಕ್ಕದಲ್ಲಿ ನಡೆದ. ಅದು ಅವನದೂ ತಪ್ಪೇ. ಪ್ರೀತಿಯಿಂದ ಮಾಡಿದ್ದು ತಪ್ಪಲ್ಲವೆಂದು ಯಾರು ಹೇಳಿದರು?

ಕಾವಾಡಿ ಮೇಲಿನಿಂದ ನಿಲ್ಲು ಎಂದ. ಆನೆ ನಿಂತಿತು. ನಡೆ ಎಂದ, ನಡೆಯಿತು. ಕೂರು ಎಂದ, ಮಂಡಿಯೂರಿ ಕೂತಿತು. ಅಬ್ಬಾ, ಇಷ್ಟೇನಾ ಎಂದುಕೊಂಡ. ಸೊಪ್ಪು ಹೊರಿಸಿದ, ಹೊಳೆ ದಾಟಿಸಿದ, ಬಿದ್ದ ಮರ ಎತ್ತಿಸಿದ. ಒಂದೊಂದು ಹೊಸ ಕೆಲಸ ಕೈಗೂಡಿದಾಗಲೂ ಮನೆಯ ಮಣ್ಣುಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೆರೆ ಎಳೆದ. ಮೂರು ವರ್ಷದಲ್ಲಿ ಹನ್ನೆರಡು ಗೆರೆಯಾದವು. ಹೆಂಡತಿಗೆ ತೋರಿಸಿದ, ನೆಂಟರಿಗೆ ತೋರಿಸಿದ. ಬಿಡಾರದವರೆಲ್ಲ ಭೇಷ್ ಎಂದರು. ಭೇಷ್ ಎನ್ನಲು ಯಾರಪ್ಪನ ಗಂಟೂ ಹೋಗುವುದಿಲ್ಲ.

ಮುದುಕ ಒಮ್ಮೆ ಹೇಳಿದ: “ನಾಳೆ ಒಂದು ದಿನ ಕೆಳಗಿಳಿದು ನನ್ನ ಕೈ ನೋಡು. ಆಮೇಲೆ ನಾನು ದೂರ ನಿಲ್ಲುತ್ತೇನೆ, ನೀನೊಬ್ಬನೇ ನಡೆಸು. ತಪ್ಪಿದರೆ ತಪ್ಪಲಿ.”

“ಕೆಲಸ ಆಗುತ್ತಿದೆಯಲ್ಲ ಯಜಮಾನ, ಸುಮ್ಮನೆ ತಪ್ಪು ಮಾಡಿ ನಾಲ್ಕು ಜನರ ಮುಂದೆ ನಗೆಪಾಟಲಾಗಲೇ?” ಎಂದ ಕಾವಾಡಿ.

ಮುದುಕ ಮತ್ತೆ ಹೇಳಲಿಲ್ಲ. ಆ ಮಳೆಗಾಲದಲ್ಲಿ ಜ್ವರ ಬಂದು ಮಲಗಿದ, ಎಂಟು ದಿನಕ್ಕೆ ಸತ್ತ. ಕಾವಾಡಿ ಅತ್ತ. ನಿಜವಾಗಿಯೇ ಅತ್ತ. ಹದಿಮೂರನೆಯ ದಿನ ಬಿಡಾರದ ಹಿರಿಯರು ಮುದುಕನ ಅಂಕುಶವನ್ನು ಅವನ ಕೈಗೆ ಕೊಟ್ಟು ಮಾವುತನೆಂದು ಕರೆದರು. ಮೂರು ವರ್ಷದ ಮಗಳು ಊರೆಲ್ಲ ಕೇಳುವಂತೆ ನನ್ನಪ್ಪ ಮಾವುತ ಎಂದು ಕೂಗಿಕೊಂಡು ಓಡಾಡಿದಳು.

ಮಾವುತನಾದ ಮೇಲೆ ಬಂದ ಮೊದಲ ಕೆಲಸ ಇಳಿಜಾರಿನಲ್ಲಿ ದಿಮ್ಮಿ ಎಳೆಸುವುದು. ಮೇಲೆ ಕಡಿದ ಮರವನ್ನು ಆನೆಗೆ ಸರಪಳಿ ಹಾಕಿ ಕಟ್ಟಿ ಹೊಳೆಯ ತನಕ ಎಳೆಸಿಕೊಂಡು ಬರಬೇಕು. ಮೂರು ದಿನ ಹೂವೆತ್ತಿದ ಹಾಗೆ ನಡೆಯಿತು. ನಡೆಯದೆ ಏನು? ಮೂವತ್ತು ವರ್ಷದಿಂದ ಆ ಆನೆ ತುಳಿದ ಹಾದಿ ಅದು. ಇವನು ಬಾಯಿ ಮುಚ್ಚಿಕೊಂಡಿದ್ದರೂ ಅದು ಹೊಳೆಗೆ ಹೋಗಿ ನಿಲ್ಲುತ್ತಿತ್ತು.

ಮೂರನೆಯ ದಿನ ದಾರಿಯ ಮಧ್ಯದಲ್ಲಿ ಒಂದು ಸಣ್ಣ ಸಂಗತಿ ನಡೆಯಿತು. ಸರಪಳಿ ಸಡಿಲವಾದಂತೆ ಕಂಡು ಇವನು ನಿಲ್ಲು ಎಂದ. ಆನೆ ನಿಲ್ಲಲಿಲ್ಲ. ಮತ್ತೆ ಎಂದ. ಹತ್ತು ಹೆಜ್ಜೆ ಮುಂದೆ ಒಂದು ಬಿದಿರು ಮೆಳೆ ಸಿಕ್ಕಿತು, ಅದು ತಿನ್ನಲು ನಿಂತಿತು. ನಿಂತಿತಲ್ಲ, ಸಾಕು ಎಂದ. ಇವತ್ತು ಇದಕ್ಕೆ ಯಾಕೋ ಮನಸ್ಸಿಲ್ಲ ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸರಪಳಿ ಬಿಗಿದು ಮುಂದಕ್ಕೆ ಹೋದ. ಆ ರಾತ್ರಿ ಗೋಡೆಯ ಮೇಲೆ ಹದಿಮೂರನೆಯ ಗೆರೆ ಎಳೆದ.

ನಾಲ್ಕನೆಯ ದಿನ ಹೆಂಡತಿ ಬುತ್ತಿ ತಂದಳು. ಆನೆಯ ಗಂಟೆ ಕೇಳಿದೊಡನೆ ಮಗಳು ಅಮ್ಮನ ಕೈ ಬಿಡಿಸಿಕೊಂಡು ಮುಂದಕ್ಕೆ ಓಡಿದಳು. ಹಾದಿಯ ನಡುವೆ ಕೂತು ಕಾಯಿ ಆರಿಸತೊಡಗಿದಳು. ಬಿಡಾರದ ಮಕ್ಕಳು ಆನೆಯ ಕಾಲ ಸಂದಿಯಲ್ಲೇ ಆಡಿ ಬೆಳೆದವರು. ಅವರಿಗೆ ಆನೆಯೆಂದರೆ ಹೆದರಿಕೆ ಗೊತ್ತಿಲ್ಲ. ಆನೆ ಬರುವುದನ್ನು ನೋಡಿ ಮಗಳು ಏಳಲಿಲ್ಲ, ನಕ್ಕಳು.

ಅವನು ನಿಲ್ಲು ಎಂದ. ಗಂಟಲು ಹರಿಯುವಂತೆ ಕೂಗಿದ. ಕಾಲಿನಿಂದ ಕಿವಿಯ ಹಿಂದೆ ಒದ್ದ. ಅಂಕುಶದಿಂದ ಚುಚ್ಚಿದ. ಕೂರು ಎಂದ, ಹಿಂದಕ್ಕೆ ಎಂದ, ತನಗೆ ಬರುವ ಮಾತುಗಳನ್ನೆಲ್ಲ ಒಂದರ ಮೇಲೊಂದು ಸುರಿದ. ಏಳೇ ಮಗಳೇ ಎಂದು ಅತ್ತ. ಅಪ್ಪ ಆಟವಾಡುತ್ತಿದ್ದಾನೆಂದು ಅವಳು ಮತ್ತೂ ನಕ್ಕಳು.

ಆನೆ ಒಳ್ಳೆಯದು. ಮಗುವಿನ ಹತ್ತಿರ ಬಂದಾಗ ಮೆಲ್ಲಗೆ ಹೆಜ್ಜೆ ಓರೆ ಮಾಡಿ, ಒಂದು ಕೂದಲೂ ಕೊಂಕದಂತೆ ಬಳಸಿಕೊಂಡು ಹೋಯಿತು. ಹಿಂದೆ ಬರುತ್ತಿದ್ದ ದಿಮ್ಮಿಗೆ ಬಳಸಿಕೊಂಡು ಹೋಗಲು ಬರುವುದಿಲ್ಲ.

ಮೇಷ್ಟ್ರು ಇಲ್ಲಿ ಒಂದು ಗುಟುಕು ನೀರು ಕುಡಿದರು. ಚಂದ್ರಕಲಾ ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಆಮೇಲೆ ಅವರು ಕತೆ ಮುಗಿಸಿದರು.

ಅವನು ಮತ್ತೆ ಆನೆ ಹತ್ತಲಿಲ್ಲ. ತಿಂಗಳ ನಂತರ ಇನ್ನೊಂದು ಬಿಡಾರದ ಮಾವುತನೊಬ್ಬ ಆ ಆನೆಯನ್ನು ಕರೆದೊಯ್ಯಲು ಬಂದ. ಬಂದವನು ಮೇಲೆ ಹತ್ತಲಿಲ್ಲ. ಒಂದಿಡೀ ದಿನ ಎಡಗಾಲಿನ ಪಕ್ಕದಲ್ಲಿ ನಡೆದ. ಅಂಗೈಯಿಂದ ಕಾಲನ್ನು ಮೇಲಿನಿಂದ ಕೆಳಗೆ ತಡವಿ ನೋಡಿದ. ಮಂಡಿಯ ಹಿಂದೆ ಒಂದು ಕಡೆ ಒತ್ತಿ, ಪಿಸುಮಾತಿನಲ್ಲಿ ನಿಲ್ಲು ಎಂದ. ಆನೆ ಕಲ್ಲಿನ ಹಾಗೆ ನಿಂತಿತು.

“ಯಜಮಾನ ಇಲ್ಲೇ ಒತ್ತುತ್ತಿದ್ದನಲ್ಲ?” ಎಂದು ಕೇಳಿದ.

“ನನಗೆ ಕಾಣುತ್ತಿರಲಿಲ್ಲ. ಆನೆಯ ಕಿವಿ ಅಡ್ಡ ಇತ್ತು,” ಎಂದ ಇವನು.

ಗುಡಿಸಲ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ತಿಂಗಳಿಂದ ಅವನೊಡನೆ ಒಂದು ಮಾತೂ ಆಡಿರಲಿಲ್ಲ. ಅವತ್ತು ಆಡಿದಳು.

“ಮೂರು ವರ್ಷ ಅದರ ಕುತ್ತಿಗೆ ಮೇಲೆ ಕೂತಿದ್ದೆಯಲ್ಲ,” ಎಂದಳು. ಒದ್ದೆ ಬಟ್ಟೆ ತಂದು ಗೋಡೆಯ ಮೇಲಿನ ಹದಿಮೂರು ಗೆರೆಗಳನ್ನು ಒರೆಸಿದಳು. ಇದ್ದಿಲು ಪೂರ್ತಿ ಹೋಗಲಿಲ್ಲ, ಗೋಡೆಯೆಲ್ಲ ಕಪ್ಪಾಯಿತು.

ಕತೆ ಮುಗಿಯಿತು. ಮೇಷ್ಟ್ರು ಕನ್ನಡಕ ಹಾಕಿಕೊಂಡರು. ಲ್ಯಾಪ್‌ಟಾಪಿನ ಪರದೆಯ ಮೇಲೆ ಆ ಒಂಬತ್ತು ಸಾಲು ಹಾಗೆಯೇ ಇದ್ದವು.

ಚಂದ್ರಕಲಾಳ ಸಿಟ್ಟು ಇಳಿದಿತ್ತು, ಆದರೆ ಆಸೆ ಇಳಿದಿರಲಿಲ್ಲ. ಡಾಕ್ಟರು ಎಲ್ಲರ ಮುಂದೆ ಅವಳನ್ನು ಹೊಗಳಿದ್ದರು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಅದೇ ಮೊದಲು.

“ಸರ್, ನಾನು ನಲವತ್ತು ಸಲ ಹಾಕಿ ನೋಡಿದ್ದೇನೆ. ಎಲ್ಲ ಸಲವೂ ಸರಿ ಬಂದಿದೆ,” ಎಂದಳು. ಆಮೇಲೆ ಸುಳ್ಳು ಹೇಳಲು ಮನಸ್ಸು ಬಾರದೆ ದನಿ ತಗ್ಗಿಸಿದಳು. “ಒಂದೇ ಒಂದು ಸಲ, ತುಂಬ ಚಿಕ್ಕ ಮಗುವಿನ ತೂಕ ಹಾಕಿದಾಗ, ಏನೋ ವಿಚಿತ್ರ ಉತ್ತರ ಬಂತು. ಮುಚ್ಚಿ ತೆರೆದೆ. ಸರಿಹೋಯಿತು.”

ಮೇಷ್ಟ್ರು ಬೈಯಲಿಲ್ಲ.

“ಸೋಮವಾರ ತಕ್ಕಡಿಯ ಮೇಲೆ ಮೊದಲು ಯಾರ ಮಗುವನ್ನು ಮಲಗಿಸುತ್ತೀಯಮ್ಮ?” ಎಂದರು.