ಕಚೇರಿ ಕಂಪಿಸಬೇಕು!

ನೀರಾವರಿ ಕಚೇರಿಗೆ ಹೊಸ ಸಾಹೇಬರು ಬಂದರು. ಬಂದ ದಿನವೇ ಅಟೆಂಡರ್ ಪುಟ್ಟಮಾದಯ್ಯನ ಮೇಲೆ ಗುಡುಗಿದರು, ಅದೂ ಪುಸ್ತಕದ ಕನ್ನಡದಲ್ಲಿ.

"ನಾಳೆ ನಾನು ಒಳಗೆ ಕಾಲಿಟ್ಟರೆ ಕಚೇರಿ ಕಂಪಿಸಬೇಕು! ಇಲ್ಲದಿದ್ದರೆ ನಿನಗೆ ಬೀದರಿಗೆ ವರ್ಗ."

ಪುಟ್ಟಮಾದಯ್ಯ ಊರು ಬಿಡುವ ಹಾಗಿರಲಿಲ್ಲ. ಮನೆಯಲ್ಲಿ ಹೆಂಡತಿ ತುಂಬು ಬಸುರಿ.

ಮರುದಿನ ಸಾಹೇಬರು ಒಳಗೆ ಬಂದರೆ ಹೊಗೆಯೋ ಹೊಗೆ. ಕಟ್ಟುಗಟ್ಟಲೆ ಊದುಕಡ್ಡಿ, ತಟ್ಟೆ ತುಂಬ ಸಾಂಬ್ರಾಣಿ, ಫ್ಯಾನಿಗೆ ಎರಡು ಮೊಳ ಮಲ್ಲಿಗೆ.

"ಆಕ್ಷೀ! ಏನಯ್ಯಾ ಇದು?"

"ಕಂಪು ಸಾರ್. ಕಂಪಿಸಬೇಕು ಅಂತ ನೀವೇ ಅಂದ್ರಲ್ಲ."

ಸಾಹೇಬರು ತಬ್ಬಿಬ್ಬಾದರು. "ಅಯ್ಯೋ ದಡ್ಡ, ಕಂಪಿಸೋದು ಅಂದ್ರೆ ನಡುಗೋದು ಕಣಯ್ಯಾ!"

"ತಲೆಗೆ ಹೋಗ್ತಿಲ್ಲ ಸಾರ್. ಒಂದ್ಸಲ ಮಾಡಿ ತೋರಿಸಿ, ಹಂಗೇ ಕಲ್ತುಬಿಡ್ತೀನಿ."

ಸಾಹೇಬರು ಕೈ ಮುಗಿದು, ಮಂಡಿಗೆ ಮಂಡಿ ಬಡಿದು, ಹಲ್ಲು ಕಟಕಟಿಸಿ ಗಡಗಡ ನಡುಗಿ ತೋರಿಸಿದರು. ಅದೇ ಹೊತ್ತಿಗೆ ಪುಟ್ಟಮಾದಯ್ಯ, ಹೊಗೆ ಹೋಗಲಿ ಅಂತ, ಬಾಗಿಲು ಪೂರ್ತಿ ತೆಗೆದ. ಹೊರಗೆ ಅರ್ಜಿ ಹಿಡಿದು ನಿಂತಿದ್ದ ನಲವತ್ತು ಜನ ಬಾಯಿ ಬಿಟ್ಟು ನೋಡಿದರು.

ಪುಟ್ಟಮಾದಯ್ಯ ಸಾಹೇಬರ ಬೆನ್ನು ಸವರಿದ. "ಹೆದರ್ಕೋಬೇಡಿ ಸಾರ್. ನಾನೇನೂ ಮಾಡಲ್ಲ."

"ವರ್ಗಾನೂ ಬೇಡ, ಏನೂ ಬೇಡ," ಸಾಹೇಬರು ಪಿಸುಗುಟ್ಟಿದರು, "ಮೊದಲು ಬಾಗಿಲು ಹಾಕು ಮಾರಾಯಾ!"